ಚಿತ್ರವನ್ನು ತಿರುಗಿಸುವ ಮುನ್ನ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೊರಟರೆ, ಹೆಬ್ಬಾಳ ಯಲಹಂಕಗಳನ್ನು ದಾಟಿದ ಮೇಲೆ, ವಿಮಾನ ನಿಲ್ದಾಣವನ್ನು ಮುಟ್ಟುವುದಕ್ಕೆ ಮೊದಲು ಹುಣಸಮಾರನಹಳ್ಳಿ ಎಂಬ ಊರು ಸಿಕ್ಕುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ಈ ಸೀಮೆಯ ಚಹರೆಯೇ ಬದಲಾಗಿಹೋಗಿದೆ. ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಇದ್ದೆಡೆ ಬಡಾವಣೆಗಳು ಎದ್ದಿವೆ. ಊರು ಹೀಗೆ ಬೇಗಬೇಗನೆ ರೂಪಾಂತರ ಹೊಂದುವಾಗ, ಹಳೆಯ ಮನೆಗಳ ಟ್ರಂಕುಗಳಲ್ಲಿ ಬಿದ್ದಿರುವ ಕ್ರಯಪತ್ರ, ಕಂದಾಯದ ರಸೀದಿ, ಮದುವೆಯ ಫೋಟೋ, ಲೆಕ್ಕದ ಪುಸ್ತಕಗಳಿಗೆ ಹೊಸ ಬೆಲೆ ಬರುತ್ತದೆ. ಯಾವ ಹೊಲ ಎಲ್ಲಿತ್ತು, ಯಾರ ಮನೆಯ ಮುಂದೆ ಯಾವ ಮರವಿತ್ತು ಎಂಬುದಕ್ಕೆ ಇನ್ನು ಮುಂದೆ ಅವೇ ಸಾಕ್ಷಿ.

ಅಂತಹ ಒಂದು ಟ್ರಂಕು ನಮ್ಮ ಅಣ್ಣನವರ ಮನೆಯಲ್ಲಿಯೂ ಇತ್ತು. ಅವರ ಮಗ ಜಾಣ ಹುಡುಗ. ಒಂದು ಭಾನುವಾರ ಕುಳಿತು, ಟ್ರಂಕಿನಲ್ಲಿದ್ದ ಕಾಗದಗಳನ್ನೂ, ದೂರದ ಬಂಧುಗಳಿಂದ ಎರವು ತಂದಿದ್ದ ನಮ್ಮ ತಾತನವರ ಕಾಲದ ಲೆಕ್ಕದ ಪುಸ್ತಕವೊಂದನ್ನೂ ತನ್ನ ಫೋನಿನಿಂದ ಚಿತ್ರ ತೆಗೆದ. ಒಟ್ಟು 412 ಚಿತ್ರಗಳಾದುವು. ಅವುಗಳನ್ನು ಕಂಪ್ಯೂಟರಿಗೆ ಇಳಿಸಿ ನೋಡಿದರೆ ಕೆಲವು ನೆಟ್ಟಗಿದ್ದುವು, ಕೆಲವು ಎಡಕ್ಕೆ ಮಲಗಿದ್ದುವು, ಇನ್ನು ಕೆಲವು ತಲೆಕೆಳಗಾಗಿದ್ದುವು. ಒಂದೊಂದನ್ನೇ ತಿರುಗಿಸುತ್ತ ಕೂರಲು ಯಾರಿಗೆ ಪುರುಸೊತ್ತು? ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಆರಿಸಿ, 90 ಡಿಗ್ರಿ ತಿರುಗಿಸೆಂದು ಆಜ್ಞೆ ಕೊಟ್ಟ. ಮಲಗಿದ್ದುವು ಎದ್ದುವು; ಎದ್ದಿದ್ದುವು ಮಲಗಿದುವು. ಇನ್ನೆರಡು ಸಲ ಅದೇ ಉಪಾಯವನ್ನು ಮಾಡಿ, ಕಡೆಗೆ ಹೇಗೋ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿದ.

“ನೋಡಿ ಚಿಕ್ಕಪ್ಪ, ಅರ್ಧ ಗಂಟೆಯಲ್ಲಿ ಎಲ್ಲಾ ಮುಗಿಸಿಬಿಟ್ಟೆ” ಎಂದು ಅವನು ತೋರಿಸಿದಾಗ ನಾನೂ ಭೇಷ್ ಎಂದೆ. ಎರಡು ತಿಂಗಳ ಮೇಲೆ ಲೆಕ್ಕದ ಪುಸ್ತಕದ ಒಂದು ಪುಟವನ್ನು ಓದಬೇಕಾಗಿ ಬಂದಾಗ ನಿಜಾಂಶ ಹೊರಬಿತ್ತು. ಅವನು ಹಿಂದೆ ಮತ್ತಾವುದೋ ಕೆಲಸಕ್ಕಾಗಿ, ಚಿತ್ರಗಳನ್ನು ಚಿಕ್ಕದಾಗಿಸು ಎಂಬ ಅಂಕಣದಲ್ಲಿ ಗುರುತು ಹಾಕಿದ್ದ. ಅದು ಹಾಗೆಯೇ ಉಳಿದಿತ್ತು. ತಿರುಗಿದ ಚಿತ್ರಗಳೆಲ್ಲವೂ ಕುಗ್ಗಿ, ಮೂಲದ ಫೈಲುಗಳ ಮೇಲೆಯೇ ಅಚ್ಚಾಗಿದ್ದುವು. ಟ್ರಂಕಿನ ಕಾಗದಗಳನ್ನು ಪುನಃ ಚಿತ್ರ ತೆಗೆಯಲು ಸಾಧ್ಯವಾಯಿತು. ಲೆಕ್ಕದ ಪುಸ್ತಕವಾದರೋ, ಯಜಮಾನರ ಮನೆಗೆ ಹಿಂದಿರುಗಿ, ಆ ವರ್ಷದ ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ನೆನೆದು ಮುದ್ದೆಯಾಗಿತ್ತು.

ಹುಡುಗನನ್ನು ನಾನು ದೂರುವುದಿಲ್ಲ. ಇಂದು ಪ್ರತಿ ಮನೆಯಲ್ಲಿಯೂ ನಡೆಯುತ್ತಿರುವ ಕೆಲಸವೇ ಅದು. ಚಿತ್ರ ತಿರುಗಿಸುವುದೆಂದರೆ ಗೋಡೆಯ ಮೇಲಿನ ಪಟವನ್ನು ನೆಟ್ಟಗೆ ಮಾಡಿದಂತೆ ಎಂದು ನಾವೆಲ್ಲರೂ ಭಾವಿಸಿದ್ದೇವೆ. ಅದು ಹಾಗಲ್ಲವೆಂಬುದನ್ನು ತೋರಿಸುವುದೂ, ಮೂಲಚಿತ್ರಕ್ಕೆ ಕೈಯಿಡಬಾರದೆಂಬ ಒಂದು ನಿಯಮವನ್ನು ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ನೆಲೆಗೊಳಿಸಬೇಕೆಂದು ವಾದಿಸುವುದೂ ಈ ಲೇಖನದ ಉದ್ದೇಶ.

ಮೊದಲು, ಚಿತ್ರಗಳು ಮಲಗುವುದೇಕೆ ಎಂಬುದನ್ನು ನೋಡೋಣ. ಫೋನಿನ ಕ್ಯಾಮರಾದಲ್ಲಿ ಮಸೂರದ ಹಿಂದೆ ಬೆಳಕನ್ನು ಗ್ರಹಿಸುವ ಒಂದು ಫಲಕವಿದೆ. ಅದರ ಮೇಲಿನ ಬಿಂದುಗಳನ್ನು, ಎಂದರೆ ಪಿಕ್ಸೆಲ್‌ಗಳನ್ನು, ಯಂತ್ರವು ಒಂದು ಮೂಲೆಯಿಂದ ಮೊದಲುಮಾಡಿ ಸಾಲುಸಾಲಾಗಿ ಓದುತ್ತದೆ. ನಾವು ಫೋನನ್ನು ಉದ್ದ ಹಿಡಿದರೂ ಅಡ್ಡ ಹಿಡಿದರೂ ಸಾಮಾನ್ಯವಾಗಿ ಈ ಓದಿನ ಕ್ರಮ ಬದಲಾಗದು. ಹಾಗಾದರೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು ಹೇಗೆ? ಫೋನಿನೊಳಗೆ ಭೂಮಿಯ ಗುರುತ್ವದ ದಿಕ್ಕನ್ನು ಅಳೆಯುವ ಒಂದು ಪುಟ್ಟ ಉಪಕರಣವಿದೆ. ಅದು ಹೇಳಿದ್ದನ್ನು ಕೇಳಿಕೊಂಡು ಕ್ಯಾಮರಾವು ಫೈಲಿನ ಮೊದಲ ಭಾಗದಲ್ಲಿ ಒಂದು ಅಂಕಿಯನ್ನು ಬರೆದಿಡುತ್ತದೆ. 1 ಎಂದಿದ್ದರೆ ಚಿತ್ರವನ್ನು ಇದ್ದಂತೆಯೇ ತೋರಿಸಬೇಕು. 6 ಎಂದಿದ್ದರೆ ಬಲಕ್ಕೆ 90 ಡಿಗ್ರಿ ತಿರುಗಿಸಿ ತೋರಿಸಬೇಕು. 8 ಎಂದಿದ್ದರೆ ಎಡಕ್ಕೆ. 3 ಎಂದಿದ್ದರೆ ತಲೆಕೆಳಗು ಮಾಡಬೇಕು. ಕನ್ನಡಿಯಲ್ಲಿ ಕಂಡಂತೆ ಮಗುಚಿದ ರೂಪಗಳೂ ಸೇರಿ ಇಂತಹ ಅಂಕಿಗಳು ಎಂಟು. ಚಿತ್ರ ತೆಗೆದ ದಿನಾಂಕ, ವೇಳೆ, ಕೆಲವೊಮ್ಮೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಲ್ಲಿಯೇ ಇರುತ್ತವೆ. ಈ ಟಿಪ್ಪಣಿಗೆ ಎಕ್ಸಿಫ್ ಎಂದು ಹೆಸರು. ಜಪಾನಿನ ತಯಾರಕರ ಸಂಘವು 1995ರಲ್ಲಿ ಇದನ್ನು ರೂಪಿಸಿತು.

ಗೋಡೆಯನ್ನೋ ಮನುಷ್ಯನನ್ನೋ ಚಿತ್ರಿಸುವಾಗ ಫೋನು ನೆಟ್ಟಗೆ ನಿಂತಿರುತ್ತದೆ. ಗುರುತ್ವವು ಅದರ ಯಾವುದಾದರೊಂದು ಅಂಚಿನ ಕಡೆಗೆ ಎಳೆಯುತ್ತದೆ. ಯಂತ್ರಕ್ಕೆ ದಿಕ್ಕು ಸ್ಪಷ್ಟ. ಆದರೆ ಮೇಜಿನ ಮೇಲೆ ಹರಡಿದ ಕ್ರಯಪತ್ರವನ್ನು ಮೇಲಿನಿಂದ ಚಿತ್ರಿಸುವಾಗ ಫೋನು ನೆಲಕ್ಕೆ ಸಮನಾಗಿ ಅಂಗಾತ ಮಲಗಿರುತ್ತದೆ. ಆಗ ಗುರುತ್ವವು ಅದರ ಬೆನ್ನಿನ ಕಡೆಗೆ ಎಳೆಯುವುದೇ ಹೊರತು ನಾಲ್ಕು ಅಂಚುಗಳಲ್ಲಿ ಯಾವುದರ ಕಡೆಗೂ ಅಲ್ಲ. ಯಂತ್ರವು ಹಿಂದಿನ ಊಹೆಯನ್ನೇ ಹಿಡಿದುಕೊಂಡಿರುತ್ತದೆ, ಇಲ್ಲವೇ ಕೈ ಕೊಂಚ ವಾಲಿದ ಕಡೆಯೇ ಕೆಳಗೆಂದು ತಿಳಿಯುತ್ತದೆ. ಆದುದರಿಂದಲೇ ಮದುವೆಯ ಚಿತ್ರಗಳು ನೆಟ್ಟಗಿದ್ದರೂ ಕಾಗದಪತ್ರಗಳ ಚಿತ್ರಗಳು ದಿಕ್ಕುಗೆಟ್ಟಿರುತ್ತವೆ. ಅತ್ಯಂತ ಎಚ್ಚರಿಕೆಯಿಂದ ಉಳಿಸಬೇಕಾದ ಚಿತ್ರಗಳನ್ನೇ ನಾವು ಅತಿ ಹೆಚ್ಚಾಗಿ ತಿರುಗಿಸಬೇಕಾಗಿ ಬರುವುದು ಒಂದು ವಿಪರ್ಯಾಸವೇ ಸರಿ.

ಇನ್ನು ತಿರುಗಿಸುವ ಬಗೆಗಳು. ಟಿಪ್ಪಣಿಯ ಅಂಕಿಯೊಂದನ್ನು ಮಾತ್ರ ತಿದ್ದುವುದು ಒಂದು ಬಗೆ. ಇದರಲ್ಲಿ ಚಿತ್ರದ ಒಂದು ಬಿಂದುವೂ ಅಲುಗದು. ಬಿಂದುಗಳನ್ನೇ ಎತ್ತಿ ಹೊಸ ಜಾಗದಲ್ಲಿ ಕೂರಿಸುವುದು ಮತ್ತೊಂದು ಬಗೆ. ಈ ಎರಡನ್ನೂ ಬೆರೆಸಿದಾಗ ಗೊಂದಲ ಹುಟ್ಟುತ್ತದೆ. ಒಂದು ಸಾಫ್ಟ್‌ವೇರು ಬಿಂದುಗಳನ್ನು ತಿರುಗಿಸಿ, ಅಂಕಿಯನ್ನು ಮಾತ್ರ 6 ಎಂದೇ ಬಿಟ್ಟಿತೆನ್ನೋಣ. ಅಂಕಿಯನ್ನು ಗೌರವಿಸುವ ಇನ್ನೊಂದು ಸಾಫ್ಟ್‌ವೇರು ಅದನ್ನು ಮತ್ತೊಮ್ಮೆ ತಿರುಗಿಸಿ ತೋರಿಸುತ್ತದೆ. ಮನೆಯ ಕಂಪ್ಯೂಟರಿನಲ್ಲಿ ನೆಟ್ಟಗಿದ್ದ ಚಿತ್ರವು ಅಂಗಡಿಯವನ ಕಂಪ್ಯೂಟರಿನಲ್ಲಿ ಮಲಗುವುದು ಹೀಗೆ. ಅಲ್ಲಿ ಪುನಃ ತಿರುಗಿಸಿ ಉಳಿಸಿದರೆ ಮನೆಯಲ್ಲಿ ಕೆಡುತ್ತದೆ. ಈ ಕಣ್ಣುಮುಚ್ಚಾಲೆಯಲ್ಲಿ ಚಿತ್ರವು ಎಷ್ಟು ಸಲ ತೆರೆದು ಮುಚ್ಚಿತು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ.

ತೆರೆದು ಮುಚ್ಚಿದರೆ ಏನು ನಷ್ಟ ಎಂದು ಕೇಳಬಹುದು. ನಮ್ಮ ಬಹುಪಾಲು ಚಿತ್ರಗಳು ಜೆಪೆಗ್ ಎಂಬ ರೂಪದಲ್ಲಿರುತ್ತವೆ. ಅದರ ನಿಯಮಾವಳಿ ಸಿದ್ಧವಾದದ್ದು 1992ರಲ್ಲಿ. ಈ ಕ್ರಮದಲ್ಲಿ ಚಿತ್ರವನ್ನು ಉದ್ದ 8, ಅಗಲ 8 ಬಿಂದುಗಳ ಚೌಕಗಳಾಗಿ ಒಡೆಯುತ್ತಾರೆ. 4032 ಬಿಂದು ಅಗಲ, 3024 ಬಿಂದು ಎತ್ತರವಿರುವ ಚಿತ್ರದಲ್ಲಿ ಅಂತಹ 1,90,512 ಚೌಕಗಳಿರುತ್ತವೆ. ಒಂದೊಂದು ಚೌಕದಲ್ಲಿಯೂ ಬೆಳಕು ನೆರಳುಗಳು ನಿಧಾನವಾಗಿ ಬದಲಾಗುವ ಅಂಶವೆಷ್ಟು, ಥಟ್ಟನೆ ಬದಲಾಗುವ ಅಂಶವೆಷ್ಟು ಎಂದು ಗಣಿತದಿಂದ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ಗೋಚರಿಸದ ಸೂಕ್ಷ್ಮಾಂಶಗಳನ್ನು ಸ್ಥೂಲವಾಗಿ ದುಂಡಾಗಿಸಿ ಬರೆದಿಡುತ್ತಾರೆ. ಫೈಲು ಚಿಕ್ಕದಾಗುವುದು ಈ ದುಂಡಾಗಿಸುವಿಕೆಯಿಂದಲೇ. ಚಿತ್ರವನ್ನು ತಿರುಗಿಸಿ ಸಾಮಾನ್ಯ ರೀತಿಯಲ್ಲಿ ಮತ್ತೆ ಉಳಿಸಿದಾಗ ಈ ಕೆಲಸವೆಲ್ಲ ಪುನಃ ನಡೆಯುತ್ತದೆ. ಉತ್ತಮ ಗುಣಮಟ್ಟದಲ್ಲಿ ಒಂದು ಸಲ ಉಳಿಸಿದರೆ ಆಗುವ ನಷ್ಟವನ್ನು ಕಣ್ಣು ಗುರುತಿಸಲಾರದೆಂಬುದನ್ನು ಒಪ್ಪಬೇಕು. ಆದರೆ ಜಾಗ ಉಳಿಸಲೆಂದು ಗುಣಮಟ್ಟವನ್ನು ತಗ್ಗಿಸಿ ಮತ್ತೆ ಮತ್ತೆ ಉಳಿಸುತ್ತ ಹೋದರೆ ಅಕ್ಷರಗಳ ಅಂಚಿನಲ್ಲಿ ಮಬ್ಬು ಕವಿಯುತ್ತದೆ, ಮಾಸಿದ ಶಾಯಿಯು ಕಾಗದದ ಬಣ್ಣದೊಡನೆ ಕಲೆಯುತ್ತದೆ.

ಬಿಂದುಗಳನ್ನು ನಷ್ಟವಿಲ್ಲದೆ ತಿರುಗಿಸುವ ಮಾರ್ಗವೂ ಇದೆ. ಚೌಕಗಳನ್ನು ಬಿಡಿಸಿ ಮತ್ತೆ ದುಂಡಾಗಿಸುವ ಬದಲು, ಬರೆದಿಟ್ಟ ಸಂಖ್ಯೆಗಳನ್ನೇ ಸ್ಥಾನಪಲ್ಲಟಮಾಡಿ, ಬೇಕಾದಲ್ಲಿ ಧನ ಋಣ ಚಿಹ್ನೆಗಳನ್ನು ಬದಲಿಸಿದರೆ ಸಾಕು. ಜೆಪೆಗ್‌ಟ್ರಾನ್ ಎಂಬ ಉಚಿತ ಉಪಕರಣವು ಮಾಡುವುದು ಇದನ್ನೇ. ಇರ್ಫಾನ್‌ವ್ಯೂ ಮೊದಲಾದ ಸಾಫ್ಟ್‌ವೇರುಗಳಲ್ಲಿಯೂ ಈ ಸೌಕರ್ಯವಿದೆ. ಇದಕ್ಕೂ ಒಂದು ಮಿತಿಯುಂಟು. ಬಣ್ಣದ ಚಿತ್ರಗಳಲ್ಲಿ ಚೌಕಗಳನ್ನು ಸಾಮಾನ್ಯವಾಗಿ 16 ಬಿಂದುಗಳ ಗುಂಪುಗಳಾಗಿ ಕೂಡಿಸಿರುತ್ತಾರೆ. 4032ನ್ನೂ 3024ನ್ನೂ 16ರಿಂದ ಭಾಗಿಸಿದರೆ ಶೇಷವಿಲ್ಲ. ಚಿತ್ರವು ಪೂರ್ಣವಾಗಿ ತಿರುಗುತ್ತದೆ. ಆದರೆ 4000ಕ್ಕೆ 3000 ಅಳತೆಯ ಚಿತ್ರದಲ್ಲಿ 3000ನ್ನು 16ರಿಂದ ಭಾಗಿಸಿದರೆ 8 ಉಳಿಯುತ್ತದೆ. ಆ ಅಂಚಿನ 8 ಸಾಲುಗಳನ್ನು ಉಪಕರಣವು ಸ್ಥಾನತಪ್ಪಿಸಿ ಬಿಡಬೇಕು, ಇಲ್ಲವೇ ಕತ್ತರಿಸಬೇಕು.

ನೇರ ಕೋನಗಳ ಮಾತು ಇಷ್ಟಾಯಿತು. ಕೊಂಚ ವಾಲಿದ ಪುಟವನ್ನು ಎರಡೋ ಮೂರೋ ಡಿಗ್ರಿ ತಿರುಗಿಸಿ ನೇರಮಾಡುವ ಕೆಲಸವು ಇನ್ನೂ ಸೂಕ್ಷ್ಮವಾದುದು. ಆಗ ಹಳೆಯ ಬಿಂದುಗಳು ಹೊಸ ಬಿಂದುಗಳ ಮೇಲೆ ಸರಿಯಾಗಿ ಕೂರುವುದಿಲ್ಲ. ನೆರೆಯ ನಾಲ್ಕಾರು ಬಿಂದುಗಳ ಸರಾಸರಿಯಿಂದ ಪ್ರತಿಯೊಂದು ಬಿಂದುವನ್ನೂ ಊಹಿಸಬೇಕಾಗುತ್ತದೆ. ಊಹಿಸಿದಷ್ಟು ಸಲವೂ ಗೆರೆಗಳು ಮೆತ್ತಗಾಗುತ್ತವೆ. ಆದುದರಿಂದ ಎರಡೆರಡು ಡಿಗ್ರಿಯಂತೆ ಮೂರು ಸಲ ತಿರುಗಿಸುವುದಕ್ಕಿಂತ ಮೂಲದಿಂದ ಒಂದೇ ಸಲ ಆರು ಡಿಗ್ರಿ ತಿರುಗಿಸುವುದು ಲೇಸು. ಅದಲ್ಲದೆ ತಿರುಗಿದ ಚಿತ್ರದ ಮೂಲೆಗಳಲ್ಲಿ ಖಾಲಿ ಜಾಗ ಬೀಳುತ್ತದೆ. 4032 ಬಿಂದು ಅಗಲದ ಚಿತ್ರವನ್ನು ಎರಡೇ ಡಿಗ್ರಿ ತಿರುಗಿಸಿದರೂ ಒಂದು ತುದಿಯು ಇನ್ನೊಂದಕ್ಕಿಂತ ಸುಮಾರು 140 ಬಿಂದುಗಳಷ್ಟು ಮೇಲೇರುತ್ತದೆ. ಅಂಚುಗಳು ಅಂದವಾಗಿ ಕಾಣಲೆಂದು ಸಾಫ್ಟ್‌ವೇರು ಆ ಭಾಗವನ್ನು ಕತ್ತರಿಸಿಬಿಡುತ್ತದೆ. ಹಳೆಯ ಪತ್ರಗಳಲ್ಲಿ ಸಾಕ್ಷಿಗಳ ರುಜು, ಹೆಬ್ಬೆಟ್ಟಿನ ಗುರುತು, ಕಚೇರಿಯ ಮೊಹರು ಇವು ಇರುವುದು ಅಂಚಿನಲ್ಲಿಯೇ ಅಲ್ಲವೇ?

ದಿಕ್ಕಿನ ವಿಷಯವು ಕೇವಲ ಅನುಕೂಲದ ವಿಷಯವಲ್ಲವೆಂಬುದಕ್ಕೆ ನಮ್ಮ ಸೀಮೆಯ ಶಾಸನಗಳೇ ನಿದರ್ಶನ. ಹುಣಸಮಾರನಹಳ್ಳಿಗೆ ಬರುವ ದಾರಿಯಲ್ಲಿರುವ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಎಂಟನೆಯ ಶತಮಾನದ್ದು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಇತ್ತೀಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಣ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಾಡುವ ಕಾರ್ಯವನ್ನು ಕೈಗೊಂಡಿದ್ದಾರೆ. ಕಲ್ಲಿನಲ್ಲಿ ಕೊರೆದ ಅಕ್ಷರಗಳನ್ನು ಸಾಮಾನ್ಯ ಕ್ಯಾಮರಾದಿಂದ ಚಿತ್ರಿಸುವಾಗ ಓರೆಯಾಗಿ ಬೀಳುವ ಬೆಳಕೇ ಆಧಾರ. ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಮೆದುಳು ಸ್ವಭಾವತಃ ಭಾವಿಸುತ್ತದೆ. ಅಂತಹ ಚಿತ್ರವನ್ನು ತಲೆಕೆಳಗು ಮಾಡಿದರೆ ನೆರಳುಗಳ ಸ್ಥಾನವೂ ಮಗುಚಿ, ಕೊರೆದ ಗೆರೆಗಳು ಉಬ್ಬಿದಂತೆ ಕಾಣುತ್ತವೆ. ಚಂದ್ರನ ಕುಳಿಗಳ ಚಿತ್ರವನ್ನು ತಿರುಗಿಸಿ ನೋಡಿದವರಿಗೆ ಈ ಭ್ರಮೆ ಪರಿಚಿತವೇ. ಕಲ್ಲಿನ ಸವೆತವೂ ಅಕ್ಷರದ ಗೆರೆಯೂ ಬೆರೆತಿರುವಲ್ಲಿ ಈ ಭ್ರಮೆಯಿಂದ ಓದೇ ತಪ್ಪಬಹುದು.

ಹಾಗಾದರೆ ನೂರಾರು ಚಿತ್ರಗಳನ್ನು ಒಟ್ಟಿಗೆ ಸಂಸ್ಕರಿಸುವುದೇ ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಅದಿಲ್ಲದೆ ದೊಡ್ಡ ಕೆಲಸಗಳು ನಡೆಯಲಾರವು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಆವರಣದಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಯೋಜನೆಯವರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿನ ಮೂಲಕ ಎಲ್ಲರಿಗೂ ಒದಗಿಸಿದ್ದಾರೆ. ಪುಸ್ತಕವನ್ನು ಅರ್ಧ ತೆರೆದು ತೊಟ್ಟಿಲಿನಂತಹ ಆಸರೆಯಲ್ಲಿಟ್ಟು ಎರಡು ಕ್ಯಾಮರಾಗಳಿಂದ ಚಿತ್ರಿಸುವ ಯಂತ್ರಗಳಲ್ಲಿ ಎಡಪುಟಗಳೆಲ್ಲ ಒಂದು ಕಡೆಗೂ ಬಲಪುಟಗಳೆಲ್ಲ ಮತ್ತೊಂದು ಕಡೆಗೂ ಮಲಗಿರುವುದುಂಟು. ಸಮಸಂಖ್ಯೆಯ ಚಿತ್ರಗಳನ್ನು ಬಲಕ್ಕೆ, ಬೆಸಸಂಖ್ಯೆಯವನ್ನು ಎಡಕ್ಕೆ ತಿರುಗಿಸು ಎಂಬ ಒಂದು ಆಜ್ಞೆಯಿಂದ ಇಡೀ ಪುಸ್ತಕವೇ ಎದ್ದು ನಿಲ್ಲುತ್ತದೆ. ಮನುಷ್ಯನು ದಿನವೆಲ್ಲ ಮಾಡುವುದನ್ನು ಯಂತ್ರವು ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಆದರೆ ಗಮನಿಸಬೇಕಾದುದೇನೆಂದರೆ, ಆ ಆರ್ಕೈವಿನವರು ತಾವೇ ಸ್ಕ್ಯಾನ್ ಮಾಡಿದ ಅನೇಕ ಪುಸ್ತಕಗಳಿಗೆ ತಿದ್ದಿದ ಚಿತ್ರಗಳೊಡನೆ ಮೂಲಚಿತ್ರಗಳನ್ನೂ ಬೇರೆಯಾಗಿ ಇರಿಸಿರುತ್ತಾರೆ. ತಪ್ಪಿದಾಗ ಹಿಂದಿರುಗಲು ಒಂದು ದಾರಿಯಿದೆ.

ನಮ್ಮ ಮನೆಗಳಲ್ಲಿ ಆ ದಾರಿಯೇ ಇಲ್ಲ. ಒಂದು ಚಿತ್ರವನ್ನು ಕೈಯಿಂದ ತಿದ್ದುವಾಗ ಆದ ತಪ್ಪು ಒಂದೇ ಚಿತ್ರದ್ದು. ಒಟ್ಟು ಆಜ್ಞೆಯಲ್ಲಿ ಆದ ತಪ್ಪು ಎಲ್ಲ ಚಿತ್ರಗಳದ್ದು, ಅದೂ ನಾವು ನೋಡದೆ ಇರುವಾಗ. ಇಮೇಜ್‌ಮ್ಯಾಜಿಕ್ ಎಂಬ ಪ್ರಸಿದ್ಧ ಉಚಿತ ಸಾಫ್ಟ್‌ವೇರಿನ ‘ಮೋಗ್ರಿಫೈ’ ಎಂಬ ಆಜ್ಞೆಯು, ಬೇರೆ ಫೋಲ್ಡರನ್ನು ಸೂಚಿಸದಿದ್ದರೆ, ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ನಮ್ಮ ಅಣ್ಣನವರ ಮನೆಯಲ್ಲಿ ಆದುದರ ಲೆಕ್ಕವನ್ನು ನೋಡಿ. 4032ಕ್ಕೆ 3024 ಇದ್ದ ಚಿತ್ರವು 1024ಕ್ಕೆ 768 ಆಗಿ ಕುಗ್ಗಿತು. ಎಂದರೆ ಹದಿನೈದು ಬಿಂದುಗಳಿದ್ದೆಡೆ ಸುಮಾರಾಗಿ ಒಂದು ಉಳಿಯಿತು. 30 ಬಿಂದು ಎತ್ತರವಿದ್ದ ಅಕ್ಷರವು 8 ಬಿಂದುಗಳೊಳಗೆ ಅಡಗಿತು. ಕನ್ನಡದ ಅಕ್ಷರಗಳ ರೀತಿ ಗೊತ್ತಿದ್ದವರಿಗೆ ಇದರ ಅರ್ಥ ತಿಳಿದೀತು. ದ ಮತ್ತು ಧ, ಪ ಮತ್ತು ಷ, ಇವುಗಳ ನಡುವಣ ವ್ಯತ್ಯಾಸವು ಒಂದು ಚಿಕ್ಕ ಗೀಟು. ಒತ್ತಕ್ಷರವು ಅಕ್ಷರದ ಕಾಲಬಳಿಯಲ್ಲಿರುವ ಒಂದು ಪುಟ್ಟ ಸುರುಳಿ. ಎಂಟು ಬಿಂದುಗಳಲ್ಲಿ ಇವಕ್ಕೆ ಎಡೆಯೆಲ್ಲಿ? ಹೆಸರು ಯಾವುದು, ಹಣವೆಷ್ಟು ಎಂಬುದೇ ಅಳಿಸಿಹೋಯಿತು. ದೊಡ್ಡದಾಗಿಸಿದರೆ ಕಳೆದುಹೋದದ್ದು ಹಿಂದಿರುಗುವುದಿಲ್ಲ; ಹೆಚ್ಚೆಂದರೆ ಯಂತ್ರವು ಊಹಿಸೀತು. ದಾಖಲೆಯಲ್ಲಿ ಊಹೆಗೆ ಸ್ಥಾನವಿಲ್ಲ.

ಮೂಲವನ್ನೂ ಪ್ರತಿಯನ್ನೂ ಎರಡನ್ನೂ ಇಟ್ಟುಕೊಳ್ಳಲು ಜಾಗವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಒಂದು ಚಿತ್ರಕ್ಕೆ 4 ಮೆಗಾಬೈಟ್ ಎಂದು ಹಿಡಿದರೂ 412 ಚಿತ್ರಗಳಿಗೆ ಬೇಕಾಗುವುದು ಸುಮಾರು 1.6 ಗಿಗಾಬೈಟ್. ಉಗುರಿನಗಲದ 64 ಗಿಗಾಬೈಟಿನ ಕಾರ್ಡಿನಲ್ಲಿ ಇಂತಹ ಮೂವತ್ತಕ್ಕೂ ಹೆಚ್ಚು ಟ್ರಂಕುಗಳು ಹಿಡಿಸುತ್ತವೆ. ಈಗಿನ ಸಾಫ್ಟ್‌ವೇರುಗಳು ಮೂಲವನ್ನು ತಾವೇ ಕಾಪಾಡುತ್ತವೆ ಎಂಬುದು ಮತ್ತೊಂದು ಆಕ್ಷೇಪ. ಕೆಲವು ಕಾಪಾಡುತ್ತವೆ, ನಿಜ. ಆದರೆ ಯಾವುದು ಕಾಪಾಡುತ್ತದೆ, ಯಾವುದು ಕಾಪಾಡುವುದಿಲ್ಲ ಎಂಬುದನ್ನು ಬಳಸುವವರು ಬಲ್ಲರೇ? ವಾಟ್ಸ್‌ಆ್ಯಪಿನಲ್ಲಿ ಚಿತ್ರವೆಂದು ಕಳುಹಿಸಿದ್ದು ಸಾಮಾನ್ಯವಾಗಿ ಕುಗ್ಗಿಯೇ ತಲಪುತ್ತದೆ, ದಸ್ತಾವೇಜೆಂದು ಕಳುಹಿಸಿದರೆ ಮಾತ್ರ ಇದ್ದಂತೆ ತಲಪುತ್ತದೆ ಎಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಬಳಸುವವನ ಅಜ್ಞಾನದ ಮೇಲೆ ನಿಂತ ಭದ್ರತೆಯು ಭದ್ರತೆಯಲ್ಲ.

ಫಿಲ್ಮಿನ ಕಾಲದಲ್ಲಿ ಸ್ಟುಡಿಯೋದವರು ಈ ಧರ್ಮವನ್ನು ಯಾರೂ ಹೇಳದೆಯೇ ಪಾಲಿಸುತ್ತಿದ್ದರು. ನೆಗೆಟಿವ್ ಲಕೋಟೆಯಲ್ಲಿ ಭದ್ರವಾಗಿರುತ್ತಿತ್ತು. ಚಿತ್ರವನ್ನು ಹಿಗ್ಗಿಸಲಿ, ಕತ್ತರಿಸಲಿ, ಬಣ್ಣ ಬಳಿಯಲಿ, ಎಲ್ಲವೂ ಕಾಗದದ ಪ್ರತಿಯ ಮೇಲೆ. ಇಂದು ಕ್ಯಾಮರಾದಿಂದ ಬಂದ ಫೈಲೇ ನಮ್ಮ ನೆಗೆಟಿವ್. ಅದನ್ನು ಹಾಗೆಂದು ಕರೆಯುವ ಅಭ್ಯಾಸ ಬಂದರೆ ಅರ್ಧ ಕೆಲಸವಾದಂತೆ.

ಮಿಕ್ಕ ಅರ್ಧವೂ ಕಷ್ಟವಾದುದಲ್ಲ. ಚಿತ್ರಗಳನ್ನು ಇಳಿಸಿದೊಡನೆ ಅವೆಲ್ಲವನ್ನೂ ಒಂದು ಫೋಲ್ಡರಿನಲ್ಲಿಟ್ಟು ‘ಮೂಲ’ ಎಂದು ಹೆಸರಿಡಬೇಕು. ಅದರ ಇನ್ನೊಂದು ನಕಲು ಬೇರೆ ಕಾರ್ಡಿನಲ್ಲಿ ಇರಬೇಕು. ತಿದ್ದುವುದೆಲ್ಲ ಪ್ರತಿಗಳಲ್ಲಿ ನಡೆಯಬೇಕು. ಒಟ್ಟು ಆಜ್ಞೆಯನ್ನು ಮೊದಲು ಹತ್ತು ಚಿತ್ರಗಳ ಮೇಲೆ ಪ್ರಯೋಗಿಸಿ, ಅಳತೆ, ಗುಣಮಟ್ಟ, ದಿನಾಂಕ ಉಳಿದಿವೆಯೇ ಎಂದು ನೋಡಿ, ಅನಂತರ ಉಳಿದವಕ್ಕೆ ಅನ್ವಯಿಸಬೇಕು. ಕೆಲಸ ಮುಗಿದ ಮೇಲೆ ಚಿತ್ರಗಳನ್ನು ಎಣಿಸಿ ನೋಡಬೇಕು. 412 ಹೋಗಿ 411 ಬಂದಿದ್ದರೆ ಒಂದು ಪುಟ ಕಳೆದಿದೆಯೆಂದೇ ಅರ್ಥ. ಬೆಳೆದವರಿಗೆ ಮಾತ್ರವಲ್ಲ, ಕಂಪ್ಯೂಟರ್ ಕಲಿಸುವ ಶಾಲೆಗಳಲ್ಲಿ ಮಕ್ಕಳಿಗೂ, ಬಣ್ಣ ಬಳಿಯುವುದನ್ನು ಕಲಿಸುವುದಕ್ಕೆ ಮೊದಲು ಇದನ್ನು ಕಲಿಸಬೇಕು.

ಮನೆಯ ಮಾತು ಹೀಗಾದರೆ ಕಚೇರಿಗಳದು ಇನ್ನೂ ಗುರುತರವಾದುದು. ಕರ್ನಾಟಕ ಸರ್ಕಾರವು 2024ರಲ್ಲಿ ಭೂ ಸುರಕ್ಷಾ ಎಂಬ ಯೋಜನೆಯನ್ನು ಮೊದಲಿಟ್ಟು ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸತೊಡಗಿತು. ಇದು ಸ್ವಾಗತಾರ್ಹವಾದ ಕಾರ್ಯ. ಗೆದ್ದಲಿಗೂ ತೇವಕ್ಕೂ ಬಲಿಯಾಗಬಹುದಾದ ಪುಟಗಳು ಇದರಿಂದ ಉಳಿಯುತ್ತವೆ. ಇಷ್ಟೊಂದು ಪುಟಗಳನ್ನು ಒಟ್ಟು ಆಜ್ಞೆಗಳಿಲ್ಲದೆ ತಿರುಗಿಸುವುದೂ ನೇರಮಾಡುವುದೂ ಅಸಾಧ್ಯ. ಆದುದರಿಂದಲೇ ಇಂತಹ ಎಲ್ಲ ಕಾರ್ಯಗಳಲ್ಲಿಯೂ, ಅವು ಸರ್ಕಾರದವಾಗಲಿ, ಮಠ ಮಂದಿರ ಗ್ರಂಥಾಲಯಗಳವಾಗಲಿ, ಯಂತ್ರದಿಂದ ಬಂದ ಮೊದಲ ಚಿತ್ರವನ್ನು ತಿದ್ದದೆ ಪ್ರತ್ಯೇಕವಾಗಿ ಇಡತಕ್ಕದ್ದೆಂಬುದು ಲಿಖಿತ ನಿಯಮವಾಗಬೇಕು. ಜನರಿಗೆ ತೋರಿಸುವ ಪ್ರತಿಯು ನೆಟ್ಟಗೂ ಅಂದವಾಗಿಯೂ ಇರಲಿ. ವಿವಾದ ಬಂದಾಗ ಬಿಚ್ಚಿ ನೋಡುವ ಪ್ರತಿಯು ಓರೆಯಾಗಿದ್ದರೂ ಚಿಂತೆಯಿಲ್ಲ, ಪೂರ್ಣವಾಗಿರಲಿ.

ಅಣ್ಣನ ಮಗನು ಈಗ ಎಲ್ಲರಿಗೂ ಇದನ್ನೇ ಬೋಧಿಸುತ್ತಿದ್ದಾನೆ. ಅವನ ಕಂಪ್ಯೂಟರಿನಲ್ಲಿ ‘ಮೂಲ’ ಎಂಬ ಫೋಲ್ಡರು ಇದೆ. ಅದರಲ್ಲಿ ಕ್ರಯಪತ್ರಗಳು ಎಡಕ್ಕೂ ಬಲಕ್ಕೂ ಮಲಗಿಕೊಂಡಿವೆ, ಕೆಲವು ಶೀರ್ಷಾಸನ ಹಾಕಿವೆ. ಅವುಗಳನ್ನು ಅವನು ಏಳಿಸಲು ಹೋಗುವುದಿಲ್ಲ. ಲೆಕ್ಕದ ಪುಸ್ತಕದ ಪುಟಗಳು ಮಾತ್ರ ಇನ್ನೊಂದು ಫೋಲ್ಡರಿನಲ್ಲಿ ಅಚ್ಚುಕಟ್ಟಾಗಿ ನೆಟ್ಟಗೆ ನಿಂತಿವೆ, ಓದಲು ಬರುವುದಿಲ್ಲ.